ನಮ್ಮ ಬೇಸ್‌ಮೆಂಟಿಗೆ ಬಂದ ಗದಗಿನ ಕುಟುಂಬ: ಒಂದು ಪ್ರಕರಣ

ಈ ಕುಟುಂಬ ಕೆನಡಾದ ಮಿಸ್ಸಿಸಾಗಾದಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಎರಡು ವರ್ಷ ಒಂಬತ್ತು ತಿಂಗಳು ಬಾಡಿಗೆಗಿತ್ತು. ಗಂಡ, ಹೆಂಡತಿ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಮೂಲ ಊರು ಗದಗ. ಇಲ್ಲಿಗೆ ಬರುವ ಮುಂಚೆ ಹನ್ನೆರಡು ವರ್ಷ ಬೆಂಗಳೂರಿನ ಪೀಣ್ಯದ ಕಡೆ ಇದ್ದರು. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದರು. ಆಕೆಯನ್ನು ನಾನು ಮೊದಲ ವಾರದಿಂದ ತಂಗಿ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ವಲಸೆ ಬರುವವರಿಗೆ ಕಾಗದಪತ್ರದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಈ ಮನೆಯವರು ಆ ವಿಷಯದಲ್ಲಿ ತುಂಬಾ ಅಚ್ಚುಕಟ್ಟು. ಆದರೂ ಬಂದ ನಾಲ್ಕೇ ತಿಂಗಳಿಗೆ ವಾಪಸ್ ಹೋಗುವ ಟಿಕೆಟ್ ಹುಡುಕುವ ಹಂತಕ್ಕೆ ಬಂದರು. ಎಲ್ಲಿ ತಪ್ಪಿತು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಬಂದಿದ್ದು

ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಾಹನದ ಬಿಡಿಭಾಗಗಳ ಕ್ವಾಲಿಟಿ ಇನ್‌ಸ್ಪೆಕ್ಟರ್. ತಂಗಿ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತ ಪಾಠ ಮಾಡಿದವಳು. ಕಾಯಂ ನಿವಾಸಿಗಳಾಗಿ ಬರುವವರನ್ನು ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿ 2015ರ ಜನವರಿಯಲ್ಲಿ ಶುರುವಾಯಿತು. ವಯಸ್ಸು, ಓದು, ಇಂಗ್ಲಿಷ್, ಕೆಲಸದ ಅನುಭವ ಎಲ್ಲಕ್ಕೂ ಅಂಕ ಕೊಟ್ಟು, ಜಾಸ್ತಿ ಅಂಕ ಬಂದವರನ್ನು ಕರೆಯುತ್ತಾರೆ. ಇವರಿಗೆ 2017ರಲ್ಲಿ ಕರೆ ಬಂತು. ನಾಲ್ಕು ಜನರ ಕುಟುಂಬಕ್ಕೆ ಆಗ ಸುಮಾರು 23 ಸಾವಿರ ಡಾಲರ್ ಕೈಯಲ್ಲಿರುವುದನ್ನು ತೋರಿಸಬೇಕಿತ್ತು. ಗದಗಿನ ಒಂದು ಸೈಟು ಮಾರಿದರು.

ಅರ್ಜಿಯಲ್ಲಿ ಗಂಡನೇ ಮುಖ್ಯ ಅರ್ಜಿದಾರ. ತಂಗಿ 'ಜೊತೆಗೆ ಬರುವ ಸಂಗಾತಿ'. ಆಕೆಯ ಡಿಗ್ರಿ, ಆಕೆಯ ಇಂಗ್ಲಿಷ್ ಪರೀಕ್ಷೆ ಎರಡಕ್ಕೂ ಅಂಕ ಸಿಕ್ಕಿತ್ತು. ಆ ಅಂಕಗಳು ಇಲ್ಲದಿದ್ದರೆ ಇವರಿಗೆ ಕರೆಯೇ ಬರುತ್ತಿರಲಿಲ್ಲ ಅಂತ ಗಂಡನೇ ಎಷ್ಟೋ ಸಲ ನನ್ನ ಹತ್ತಿರ ಹೇಳಿದ್ದಾರೆ. ಆದರೆ ಬಂದ ಮೇಲೆ ಏನೇನು ಮಾಡಬೇಕು ಅಂತ ಅವರು ಬರೆದಿಟ್ಟುಕೊಂಡ ನೋಟ್‌ಬುಕ್ ಇದೆಯಲ್ಲ, ಅದರಲ್ಲಿ ಗಂಡನ ಕೆಲಸಕ್ಕೆ ನಾಲ್ಕು ಪುಟ, ಮಕ್ಕಳ ಶಾಲೆಗೆ ಎರಡು ಪುಟ, ಮನೆ ಸಾಮಾನಿಗೆ ಒಂದು ಪುಟ. ತಂಗಿಯ ಹೆಸರಿನಲ್ಲಿ ಒಂದೇ ಒಂದು ಸಾಲು: 'ಸೆಟಲ್ ಆದ ಮೇಲೆ ನೋಡೋಣ.' ಆ ಅಕ್ಷರ ಅವಳದ್ದೇ.

2018ರ ಆಗಸ್ಟಿನಲ್ಲಿ ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಇಳಿದರು. ಮೊದಲು ಬೇರೆ ಒಂದು ಮನೆ ನೋಡಿದ್ದರು. ಇಲ್ಲಿ ಸಾಲದ ಇತಿಹಾಸ ಇಲ್ಲ, ಕೆಲಸ ಇಲ್ಲ ಅಂತ ಆ ಮನೆಯವನು ಆರು ತಿಂಗಳ ಬಾಡಿಗೆ ಮುಂಗಡ ಕೇಳಿದ. ನಾವಿರುವ ಒಂಟಾರಿಯೊ ಪ್ರಾಂತ್ಯದ ಕಾನೂನಿನ ಪ್ರಕಾರ ಮನೆ ಮಾಲೀಕರು ಠೇವಣಿ ಅಂತ ಕೊನೆಯ ತಿಂಗಳ ಬಾಡಿಗೆಯಷ್ಟೇ ಕೇಳಬಹುದು. ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದೇ ವರ್ಷ ಏಪ್ರಿಲ್ 30ರಿಂದ ಎಲ್ಲರಿಗೂ ಒಂದೇ ನಮೂನೆಯ ಬಾಡಿಗೆ ಕರಾರು ಪತ್ರವೂ ಕಡ್ಡಾಯವಾಗಿತ್ತು. ಹೊಸದಾಗಿ ಬಂದವರಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಪರಿಚಯದವರ ಮೂಲಕ ನಮ್ಮಲ್ಲಿಗೆ ಬಂದರು. ನಮ್ಮದು ನಗರಸಭೆಯಲ್ಲಿ ನೋಂದಣಿ ಮಾಡಿಸಿದ ಬೇಸ್‌ಮೆಂಟು. ಬೇರೆ ಬಾಗಿಲು, ಎರಡು ಕೋಣೆ, ಒಂದು ಅಡುಗೆಮನೆ. ಕಿಟಕಿ ಮಾತ್ರ ಚಿಕ್ಕವು. ಹೊರಗಿನ ನೆಲದ ಮಟ್ಟಕ್ಕೆ ಇರುತ್ತವೆ. ಒಳಗೆ ನಿಂತು ನೋಡಿದರೆ ಹುಲ್ಲಿನ ಬುಡ ಕಾಣುತ್ತದೆ.

ಆರಂಭದ ಕೆಲಸಗಳು ಒಂದು ತಿಂಗಳಲ್ಲಿ ಮುಗಿದವು. ಕೆಲಸಕ್ಕೆ ಸೇರಲು ಬೇಕಾದ ಸಿನ್ ನಂಬರು, ಬ್ಯಾಂಕ್ ಖಾತೆ, ಗ್ರಂಥಾಲಯದ ಕಾರ್ಡು. ಸರ್ಕಾರಿ ಆರೋಗ್ಯ ವಿಮೆ ಓಹಿಪ್‌ಗೆ ಆಗ ಮೂರು ತಿಂಗಳು ಕಾಯಬೇಕಿತ್ತು. ಆ ನಿಯಮವನ್ನು 2020ರ ಮಾರ್ಚಿನಲ್ಲಿ ತೆಗೆದರು. ಇವರು ಆ ಮೂರು ತಿಂಗಳಿಗೆ ಖಾಸಗಿ ವಿಮೆ ಮಾಡಿಸಿಕೊಂಡೇ ಬಂದಿದ್ದರು. ಎರಡನೇ ತಿಂಗಳಲ್ಲೇ ಮಗನಿಗೆ ಕಿವಿನೋವು ಬಂದಾಗ ಅದು ಉಪಯೋಗಕ್ಕೆ ಬಂತು.

ಇವರು ಬಿಟ್ಟಿದ್ದ ಒಂದೇ ಅರ್ಜಿ ಮಕ್ಕಳ ಭತ್ಯೆಯದು. ಅದು ಬಡವರಿಗೆ ಕೊಡುವ ದುಡ್ಡು, ನಮಗ್ಯಾಕೆ ಅಂತ ಗಂಡನಿಗೆ ಸಂಕೋಚ. ನಾನೇ ಕೂರಿಸಿ ಆರ್‌ಸಿ66 ಫಾರಮ್ಮು ತುಂಬಿಸಿದೆ. ಕಾಯಂ ನಿವಾಸಿಗಳು ಬಂದ ಕೂಡಲೇ ಹಾಕಬಹುದು. ಹಿಂದಿನ ವರ್ಷಗಳ ಭಾರತದ ಸಂಬಳವನ್ನು ಡಾಲರಿಗೆ ತಿರುಗಿಸಿ ತೋರಿಸಬೇಕು. ಆ ವರ್ಷ ಕುಟುಂಬದ ಆದಾಯ 30,450 ಡಾಲರಿನೊಳಗೆ ಇದ್ದರೆ 6ರಿಂದ 17 ವಯಸ್ಸಿನ ಪ್ರತಿ ಮಗುವಿಗೆ ವರ್ಷಕ್ಕೆ 5,481 ಡಾಲರ್ ಪೂರ್ತಿ ಬರುತ್ತಿತ್ತು. ಇವರಿಬ್ಬರ ಬೆಂಗಳೂರಿನ ಸಂಬಳ ಕೂಡಿಸಿದರೂ ಆ ಮಿತಿ ದಾಟಲಿಲ್ಲ. ಎರಡು ಮಕ್ಕಳಿಗೆ ತಿಂಗಳಿಗೆ ಹತ್ತಿರ ಹತ್ತಿರ 913 ಡಾಲರ್. ದುಡ್ಡು ಬರಲು ಕೆಲವು ತಿಂಗಳು ಹಿಡಿಯಿತು. ಬಂದಾಗ ಬಾಕಿಯೆಲ್ಲ ಸೇರಿ ಬಂತು. ಆ ಚಳಿಗಾಲವನ್ನು ಅವರು ದಾಟಿದ್ದು ಅದರಿಂದಲೇ.

ಶೇಂಗಾ ಹಿಂಡಿ

ಒಂಟಾರಿಯೊದಲ್ಲಿ ಮಗು ಯಾವ ತರಗತಿ ಅನ್ನೋದು ಹುಟ್ಟಿದ ಇಸವಿಯ ಮೇಲೆ ನಿಂತಿದೆ. 2007ರಲ್ಲಿ ಹುಟ್ಟಿದ ಮಗಳು ಆರನೆಯದಕ್ಕೆ, 2012ರ ಮಗ ಒಂದನೆಯದಕ್ಕೆ. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು.

ಎರಡನೇ ವಾರ ಇರಬೇಕು. ಮಗನ ಊಟದ ಡಬ್ಬಿ ಮುಟ್ಟದೆ ವಾಪಸ್ ಬಂತು. ಒಳಗೆ ಎರಡು ಚಪಾತಿ, ಮೊಸರು ಕಲಸಿದ ಶೇಂಗಾ ಹಿಂಡಿ. ನಮ್ಮ ಹಾಸನದ ಕಡೆ ಚಟ್ನಿಪುಡಿ ಅನ್ನುವುದನ್ನು ಅವರು ಹಿಂಡಿ ಅನ್ನುತ್ತಾರೆ. ಜೊತೆಗೆ ಒಂದು ಮುದ್ರಿತ ಚೀಟಿ. ಕಡಲೆಕಾಯಿ ಮತ್ತು ಬೀಜಗಳಿರುವ ಯಾವ ತಿಂಡಿಯನ್ನೂ ದಯವಿಟ್ಟು ಕಳಿಸಬೇಡಿ ಅಂತ. ಮಗನಿಗೆ ಆಫೀಸಿನಲ್ಲಿ ಬಿಸ್ಕತ್ತು, ಒಂದು ಸೇಬು ಕೊಟ್ಟಿದ್ದರು. ಅವನು ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡು ಅದನ್ನೂ ತಿಂದಿರಲಿಲ್ಲ.

ತಂಗಿ ಆ ಡಬ್ಬಿ ಹಿಡಿದುಕೊಂಡೇ ಮೇಲೆ ಬಂದಳು. 'ಅಕ್ಕಾರ, ಇದು ನಮ್ಮವ್ವ ಕುಟ್ಟಿ ಕೊಟ್ಟಿದ್ದ್ರೀ. ಶೇಂಗಾ ತಿನ್ನೂದು ತಪ್ಪೇನ್ರೀ ಇಲ್ಲೆ?' ಗದಗಿನ ಅಡುಗೆಮನೆಯಲ್ಲಿ ಶೇಂಗಾ ಇಲ್ಲದ ದಿನ ಯಾವುದಿದೆ ಹೇಳಿ. ಎಣ್ಣೆಗಾಯಿ ಬದನೆಕಾಯಿಗೆ ಶೇಂಗಾ, ಹೋಳಿಗೆಗೆ ಶೇಂಗಾ, ರೊಟ್ಟಿಗೆ ಹಿಂಡಿ. ತವರಿನಿಂದ ತಂದ ಎರಡು ಕಿಲೋ ಡಬ್ಬಿ ಅದು. ನಾನು 'ಇಲ್ಲಿ ಹಾಗೇನಮ್ಮ, ರೂಲ್ಸು' ಅಂತ ಹೇಳಿ ಸುಮ್ಮನಾದೆ. ಯಾಕೆ ಅಂತ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷ ಇಲ್ಲಿದ್ದವಳಿಗೆ ಅದು ಹೇಳುವಂಥ ವಿಷಯ ಅಂತಲೇ ಅನಿಸಿರಲಿಲ್ಲ.

ಇನ್ನೊಂದು ಮಾತನ್ನೂ ನಾನೇ ಹೇಳಿದ್ದು. 'ಮೊದಲ ವರ್ಷ ನೀನು ಮನೇಲೇ ಇದ್ದುಬಿಡು. ಮಕ್ಕಳು ಒಗ್ಗಿಕೊಳ್ಳಲಿ. ಆಮೇಲೆ ನಿನ್ನದು ನೋಡಿಕೊಳ್ಳಬಹುದು.' ನನಗೂ ಹದಿನಾರು ವರ್ಷದ ಹಿಂದೆ ಯಾರೋ ಹೀಗೇ ಹೇಳಿದ್ದರು. ಒಳ್ಳೆಯದಕ್ಕೇ ಹೇಳಿದ್ದು ಅಂದುಕೊಂಡಿದ್ದೆ.

ಕತ್ತಲಾದ ತಿಂಗಳುಗಳು

ಗಂಡನಿಗೆ ಅವರ ಕ್ಷೇತ್ರದಲ್ಲಿ ಕೆಲಸ ಸಿಗಲಿಲ್ಲ. ಅರ್ಜಿ ಹಾಕಿದ ಕಡೆಯೆಲ್ಲ ಒಂದೇ ಪ್ರಶ್ನೆ: ಕೆನಡಾದ ಅನುಭವ ಇದೆಯಾ? ಹಾಗೆ ಕೇಳುವುದು ತಾರತಮ್ಯ ಅಂತ ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿದೆ. ಆದರೂ ಕೇಳುತ್ತಿದ್ದರು. ಅಕ್ಟೋಬರಿನಿಂದ ಒಂದು ಏಜೆನ್ಸಿ ಮೂಲಕ ಗೋದಾಮಿನಲ್ಲಿ ರಾತ್ರಿ ಪಾಳಿ. ಆಗ ಕನಿಷ್ಠ ಕೂಲಿ ಗಂಟೆಗೆ 14 ಡಾಲರ್, ಅದೇ ಸಂಬಳ. ಬೆಳಿಗ್ಗೆ ಏಳೂವರೆಗೆ ಬಂದು ಮಲಗಿದರೆ ಏಳುತ್ತಿದ್ದುದು ಮೂರು ಗಂಟೆಗೆ. ಅಂದರೆ ಮಕ್ಕಳು ಶಾಲೆಯಲ್ಲಿರುವಷ್ಟು ಹೊತ್ತು ಒಳಗಿನ ಕೋಣೆಯಲ್ಲಿ ಗಂಡ ಮಲಗಿರುತ್ತಾರೆ. ಟಿವಿ ಹಾಕೋ ಹಾಗಿಲ್ಲ, ಮಿಕ್ಸಿ ಹಾಕೋ ಹಾಗಿಲ್ಲ, ಫೋನಿನಲ್ಲಿ ಜೋರಾಗಿ ಮಾತಾಡೋ ಹಾಗಿಲ್ಲ. ಗಂಡ ಎದ್ದ ಮೇಲೆ ಗದಗಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ಮಧ್ಯರಾತ್ರಿ.

ನವೆಂಬರ್ 4ಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಊರಿಗೂ ಇಲ್ಲಿಗೂ ಇದ್ದ ಒಂಬತ್ತೂವರೆ ಗಂಟೆ ಹತ್ತೂವರೆ ಆಯಿತು. ಸಂಜೆ ಐದಕ್ಕೆಲ್ಲ ಕತ್ತಲು. ಮಳೆಗಾಲದ ಕತ್ತಲು ಗೊತ್ತಿದ್ದವರಿಗೂ ಈ ಕತ್ತಲು ಬೇರೆ. ಇದು ತಿಂಗಳುಗಟ್ಟಲೆ ಹೋಗುವುದಿಲ್ಲ.

ಕಾರು ಇರಲಿಲ್ಲ. ಸಿಟಿ ಬಸ್ ಸ್ಟಾಪು ನಮ್ಮ ಮನೆಯಿಂದ ಹನ್ನೆರಡು ನಿಮಿಷ ನಡಿಗೆ. ಬೇಸಿಗೆಯಲ್ಲಿ ಅದು ಏನೂ ಅಲ್ಲ. ಜನವರಿಯಲ್ಲಿ ಕಾಲುದಾರಿ ಗಾಜಿನ ಹಾಗೆ ಆಗಿರುವಾಗ, ಒಂದು ಕೈಯಲ್ಲಿ ಹಾಲಿನ ಚೀಲ ಹಿಡಿದು ನಡೆಯುವವರಿಗೆ ಅದು ಗುಡ್ಡ ಹತ್ತಿದ ಹಾಗೆ. ಬೆಂಗಳೂರಿನಲ್ಲಿ ತನ್ನ ಸ್ಕೂಟಿಯಲ್ಲಿ ಎಲ್ಲಿ ಬೇಕಾದರೂ ಹೋಗಿ ಬರುತ್ತಿದ್ದವಳು ಮನೆಯಿಂದ ಹೊರಗೆ ಬರೋದೇ ಬಿಟ್ಟಳು. ನಾನು ಬಾಗಿಲು ತಟ್ಟಿದರೆ 'ತಲಿನೋವು, ಅಕ್ಕಾರ' ಅನ್ನುತ್ತಿದ್ದಳು. ಮೂರು ದಿನ ಬಿಟ್ಟು ತಟ್ಟಿದರೂ ಅದೇ ತಲೆನೋವು.

ಮಗಳ ಕತೆಯೂ ಇದರೊಳಗೇ ಬರುತ್ತದೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳನ್ನು ಇಲ್ಲಿ ವಾರಕ್ಕೆ ಕೆಲವು ಗಂಟೆ ಇಎಸ್ಎಲ್ ತರಗತಿಗೆ, ಅಂದರೆ ಮನೆಮಾತು ಇಂಗ್ಲಿಷ್ ಅಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ತರಗತಿಗೆ, ಕಳಿಸಿದರು. ಅವಳಿಗೆ ಅವಮಾನ ಆಯಿತು. ಆದರೆ ಎರಡೇ ತಿಂಗಳಿಗೆ ಇಲ್ಲಿಯವರ ಮಾತಿನ ಧಾಟಿ ಹಿಡಿದಳು. ಆಮೇಲೆ ಮನೆಯ ಫೋನುಗಳೆಲ್ಲ ಅವಳ ಕೈಗೆ ಹೋದವು. ಬ್ಯಾಂಕಿನವರು, ವಿಮೆಯವರು, ಕ್ಲಿನಿಕ್ಕಿನವರು ಫೋನ್ ಮಾಡಿದರೆ ತಂಗಿಗೆ ಅವರ ವೇಗ ಅರ್ಥವಾಗುತ್ತಿರಲಿಲ್ಲ, ಅವರಿಗೆ ತಂಗಿಯ ಉಚ್ಚಾರಣೆ ಅರ್ಥವಾಗುತ್ತಿರಲಿಲ್ಲ. ಎರಡು ಸಲ 'ಸಾರಿ?' ಅಂದರೆ ಸಾಕು, ಫೋನು ಮಗಳಿಗೆ ಕೊಟ್ಟುಬಿಡುತ್ತಿದ್ದಳು. ಒಂದು ದಿನ ನನ್ನ ಮುಂದೆಯೇ ಮಗಳು 'ಅವ್ವಾ, ನೀ ಸುಮ್ಕಿರು, ನಾ ಮಾತಾಡ್ತೀನಿ' ಅಂದಳು. ಮಗು ಸಹಾಯಕ್ಕೇ ಅಂದಿದ್ದು. ಅವಳು ಆ ಕಡೆ ಹೋದ ಮೇಲೆ ತಂಗಿ ನನಗೆ ಹೇಳಿದ್ದು: 'ನಲವತ್ತು ಹುಡುಗರನ್ನ ಒಂದು ಮಾತಿಗೆ ಸುಮ್ಮ ಕೂಡಸ್ತಿದ್ನಿರಿ ನಾ. ಈಗ ನನ್ನ ಮಗಳು ನನ್ನ ಸುಮ್ಮ ಕೂಡಸ್ತಾಳ.'

ಡಿಸೆಂಬರ್ ಕೊನೆಗೆ ಗಂಡ ಹೆಂಡತಿ ನಡುವೆ ದೊಡ್ಡ ಜಗಳ. ತಂಗಿ ಮಕ್ಕಳನ್ನು ಕರೆದುಕೊಂಡು ವಾಪಸ್ ಹೋಗುತ್ತೇನೆ ಅಂದಳು. ಮೂರು ಟಿಕೆಟಿನ ಬೆಲೆ ನೋಡಿದ್ದೂ ಆಯಿತು. ಗಂಡ ಮೇಲೆ ಬಂದು ನಮ್ಮ ಮನೆಯವರ ಮುಂದೆ ಕೂತು ಅತ್ತರು. 'ನಾ ಏನ್ ಕಡಿಮಿ ಮಾಡೀನ್ರೀ? ಹಗಲು ರಾತ್ರಿ ದುಡೀತೀನಿ' ಅಂತ. ಅವರು ಹೇಳಿದ್ದೂ ನಿಜವೇ.

ಕಿಟಕಿ

ಜನವರಿಯಲ್ಲಿ ಒಂದು ರಾತ್ರಿ ಸಿಕ್ಕಾಪಟ್ಟೆ ಹಿಮ ಬಿತ್ತು. ಶಾಲೆಯ ಬಸ್ಸುಗಳು ರದ್ದಾದವು. ಬೆಳಿಗ್ಗೆ ಒಂಬತ್ತೂವರೆ ದಾಟಿದರೂ ಕೆಳಗಿನಿಂದ ಯಾವ ಸದ್ದೂ ಇಲ್ಲ. ನಾನು ಇಳಿದು ಹೋಗಿ ಬಾಗಿಲು ತಟ್ಟಿದೆ. ತಂಗಿ ನಿದ್ದೆಗಣ್ಣಿನಲ್ಲಿ ಬಂದು 'ಇನ್ನೂ ರಾತ್ರಿ ಐತಲ್ರೀ ಅಕ್ಕಾರ' ಅಂದಳು. ಒಳಗೆ ನೋಡಿದರೆ ನಿಜವಾಗಿಯೂ ರಾತ್ರಿಯೇ. ಗಾಳಿಗೆ ಹಾರಿ ಬಂದ ಹಿಮ ಎರಡೂ ಕಿಟಕಿಗಳ ಗುಂಡಿಯಲ್ಲಿ ತುಂಬಿಕೊಂಡು ಗಾಜು ಪೂರ್ತಿ ಮುಚ್ಚಿತ್ತು. ಒಂದು ಗೆರೆ ಬೆಳಕೂ ಒಳಗಿಲ್ಲ.

ಆ ಮನೆಯನ್ನು ನಾನೇ ಬಾಡಿಗೆಗೆ ಕೊಟ್ಟಿದ್ದು. ಆ ಕಿಟಕಿಯನ್ನು ನಾನು ಯಾವತ್ತೂ ಒಳಗಿನಿಂದ ನೋಡಿರಲಿಲ್ಲ. ಹೊರಗೆ ಬಂದು ಸಲಿಕೆ ಹಿಡಿದು ಅಗೆದೆ. ಐದು ನಿಮಿಷಕ್ಕೆ ತಂಗಿಯೂ ಬಂದಳು, ಗಂಡನ ಬೂಟು ಹಾಕಿಕೊಂಡು. ಅವಳಿಗೆ ಅಂತ ಇನ್ನೂ ಸರಿಯಾದ ಬೂಟೇ ಕೊಂಡಿರಲಿಲ್ಲ. ಎಲ್ಲಿಗೂ ಹೋಗದವಳಿಗೆ ಯಾಕೆ ಅಂತ ಅವಳೇ ಬೇಡ ಅಂದಿದ್ದಳಂತೆ. ಆ ಮಾತು ಕೇಳಿದ ಮೇಲೆ ನನಗೆ ನನ್ನ ಸಲಹೆ ನೆನಪಾಯಿತು. ಮನೇಲೇ ಇದ್ದುಬಿಡು ಅಂದವಳು ನಾನು.

ಅವತ್ತು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತು ಆ ನೋಟ್‌ಬುಕ್ ತರಿಸಿದೆ. 'ಸೆಟಲ್ ಆದ ಮೇಲೆ ನೋಡೋಣ' ಅನ್ನುವ ಸಾಲಿನ ಕೆಳಗೆ ಹೊಸ ಪುಟ ಶುರು ಮಾಡಿದೆವು. ಮೊದಲ ಸಾಲು ಬೂಟು. ಅದನ್ನು ಅವತ್ತೇ ಸಂಜೆ ನನ್ನ ಕಾರಿನಲ್ಲಿ ಹೋಗಿ ತಂದೆವು.

ಎರಡನೆಯದು ಶಾಲೆಯಲ್ಲಿರುವ ಸೆಟಲ್‌ಮೆಂಟ್ ವರ್ಕರ್. ಹೊಸದಾಗಿ ಬಂದ ಕುಟುಂಬಗಳಿಗೆ ಅಂತಲೇ ಸರ್ಕಾರದ ದುಡ್ಡಿನಲ್ಲಿ ಶಾಲೆಗಳಲ್ಲಿ ಇಂಥವರು ಕೂರುತ್ತಾರೆ. ಸೇವೆ ಉಚಿತ. ಸೆಪ್ಟೆಂಬರಿನಲ್ಲೇ ಅವರ ಚೀಟಿ ಮನೆಗೆ ಬಂದಿತ್ತು. ಮಕ್ಕಳ ಸಮಸ್ಯೆ ಇದ್ದವರಿಗೆ ಅಂದುಕೊಂಡು ತಂಗಿ ಪಕ್ಕಕ್ಕಿಟ್ಟಿದ್ದಳು. ಈಗ ಹೋದಳು. ಆ ಹೆಂಗಸು ಮೊದಲು ಕೇಳಿದ್ದು ಮಕ್ಕಳ ಬಗ್ಗೆ ಅಲ್ಲವಂತೆ. 'ನೀವು ಅಲ್ಲಿ ಏನು ಕೆಲಸ ಮಾಡುತ್ತಿದ್ದಿರಿ?' ಅಂತ. ಇಲ್ಲಿಗೆ ಬಂದು ಐದು ತಿಂಗಳಿಗೆ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯಳು ಅವಳು. ತಂಗಿಗೆ ಅಲ್ಲೇ ಕಣ್ಣೀರು ಬಂತಂತೆ.

ಊಟದ ಗಂಟೆ

ಶಾಲೆಯಲ್ಲಿ ಲಂಚ್‌ರೂಮ್ ಸೂಪರ್‌ವೈಸರ್ ಕೆಲಸ ಖಾಲಿ ಇತ್ತು. ಇಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮ ತರಗತಿಯಲ್ಲೇ ಕೂತು ಡಬ್ಬಿ ತಿನ್ನುತ್ತಾರೆ. ಆ ಹೊತ್ತಿಗೆ ಟೀಚರಿಗೆ ಬಿಡುವು. ಮಕ್ಕಳನ್ನು ನೋಡಿಕೊಳ್ಳಲು ಬೇರೆಯವರು ಬರುತ್ತಾರೆ. ದಿನಕ್ಕೆ ಒಂದು ಗಂಟೆ ಚಿಲ್ಲರೆ ಕೆಲಸ. ಸಂಬಳ ಹೇಳಿಕೊಳ್ಳುವಷ್ಟಿಲ್ಲ.

ಗಂಡನಿಗೆ ಇಷ್ಟವಿರಲಿಲ್ಲ. ಗಣಿತದ ಟೀಚರು ಮಕ್ಕಳ ಬಾಳೆಹಣ್ಣಿನ ಸಿಪ್ಪೆ ಎತ್ತಬೇಕಾ ಅಂದರು. ತಂಗಿ ಎರಡು ದಿನ ಯೋಚನೆ ಮಾಡಿದಳು. ನನ್ನ ಅಭಿಪ್ರಾಯ ಕೇಳಿದಳು. ಈ ಸಲ ನಾನು ಬಾಯಿ ಬಿಡಲಿಲ್ಲ, ನೀನೇ ನಿರ್ಧಾರ ಮಾಡು ಅಂದೆ. ಕೊನೆಗೆ ಅವಳು ಗಂಡನಿಗೆ ಹೇಳಿದ್ದು ಇಷ್ಟು: 'ನೀವು ಗೋದಾಮಿನ್ಯಾಗ ಡಬ್ಬಿ ಎತ್ತಬಹುದು, ನಾ ಸಾಲ್ಯಾಗ ಎತ್ತಬಾರ್ದೇನು?' ಪೊಲೀಸರಿಂದ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಬೇಕಾದ ತಪಾಸಣಾ ಪತ್ರ ತಂದಳು. 2019ರ ಮಾರ್ಚಿನಲ್ಲಿ ಸೇರಿಕೊಂಡಳು.

ಸೇರಿದ ವಾರವೇ ಅಲರ್ಜಿ ತರಬೇತಿ. 2003ರಲ್ಲಿ ಒಂಟಾರಿಯೊದಲ್ಲಿ ಸಬ್ರಿನಾ ಶ್ಯಾನನ್ ಅನ್ನುವ ಹದಿಮೂರು ವರ್ಷದ ಹುಡುಗಿ ಶಾಲೆಯಲ್ಲಿ ತಿಂದದ್ದು ಆಗದೆ, ಅಲರ್ಜಿಯಿಂದ ತೀರಿಹೋದಳು. ಅವಳ ಹೆಸರಿನಲ್ಲಿ 2005ರಲ್ಲಿ 'ಸಬ್ರಿನಾಸ್ ಲಾ' ಬಂತು, 2006ರ ಜನವರಿ 1ರಿಂದ ಜಾರಿಯಾಯಿತು. ಜೀವಕ್ಕೆ ಅಪಾಯ ತರುವ ಅಲರ್ಜಿಯಿಂದ ಮಕ್ಕಳನ್ನು ಕಾಪಾಡಲು ಪ್ರತಿ ಶಾಲಾ ಮಂಡಳಿಗೂ ನೀತಿ ಇರಬೇಕು, ಮಕ್ಕಳ ಜೊತೆ ದಿನವೂ ಇರುವವರಿಗೆ ತರಬೇತಿ ಕೊಡಬೇಕು. ಕಾನೂನಿನಲ್ಲಿ ಶೇಂಗಾ ಅಂತ ಹೆಸರು ಹಿಡಿದು ನಿಷೇಧ ಮಾಡಿಲ್ಲ. ಎಷ್ಟೋ ಶಾಲೆಗಳು ತಾವೇ ಬೇಡ ಅಂತ ಕೇಳಿಕೊಳ್ಳುತ್ತವೆ.

ತರಬೇತಿಯ ಎಪಿಪೆನ್ ಒಂದನ್ನು, ಅಂದರೆ ಅಲರ್ಜಿ ಜೋರಾದಾಗ ಚುಚ್ಚುವ ಪೆನ್ನಿನಂಥ ಇಂಜೆಕ್ಷನ್ನನ್ನು, ಅವಳು ಮನೆಗೆ ತಂದಿದ್ದಳು. ಸೂಜಿ ಇಲ್ಲದ್ದು, ಅಭ್ಯಾಸಕ್ಕೆ ಕೊಡುವಂಥದ್ದು. ನಮ್ಮ ಅಡುಗೆಮನೆಯಲ್ಲಿ ನಿಂತು ನನಗೂ ತೋರಿಸಿದಳು. ನೀಲಿ ಮುಚ್ಚಳ ಮೇಲೆ, ಕಿತ್ತಳೆ ತುದಿ ತೊಡೆಗೆ. ನೀಲಿಯನ್ನು ಎಳೆದು ತೆಗೆದು, ಕಿತ್ತಳೆ ತುದಿಯನ್ನು ತೊಡೆಯ ಹೊರಮಗ್ಗುಲಿಗೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಆಮೇಲೆ ಇಲ್ಲಿನ ತುರ್ತು ನಂಬರು 911ಕ್ಕೆ ಫೋನು. ಚೂಡಿದಾರದ ಮೇಲಿಂದಲೇ ತನ್ನ ತೊಡೆಗೆ ಒತ್ತಿಕೊಂಡು, ಟೀಚರಿನ ದನಿಯಲ್ಲಿ ಎಣಿಸಿದಳು. ಒಂದು, ಎರಡು, ಮೂರು. ಆ ದನಿಯನ್ನು ನಾನು ಅವತ್ತೇ ಮೊದಲ ಸಲ ಕೇಳಿದ್ದು.

ಆಮೇಲೆ ಮೆಲ್ಲಗೆ ಅಂದಳು. 'ಅಕ್ಕಾರ, ನನ್ನ ಮಗನ ಕ್ಲಾಸಿನ್ಯಾಗ ಒಂದು ಕೂಸಿಗೆ ಶೇಂಗಾ ಆಗಂಗಿಲ್ರಿ. ಅವತ್ತು ಡಬ್ಬಿ ವಾಪಸ್ ಕಳಿಸಿದ್ದು ಅದಕ್ಕ. ನಾ ಆರು ತಿಂಗಳು ಸಿಟ್ಟು ಇಟ್ಟುಕೊಂಡಿದ್ದೆ.' ಆ ಮಾತನ್ನು ಸೆಪ್ಟೆಂಬರಿನಲ್ಲೇ ನಾನು ಹೇಳಿದ್ದರೆ ಆ ಸಿಟ್ಟು ಅಷ್ಟು ದಿನ ಇರುತ್ತಿರಲಿಲ್ಲ.

ಹಿಂಡಿಗೂ ದಾರಿ ಸಿಕ್ಕಿತು. ಅಗಸಿ ಬೆಳೆಯುವುದರಲ್ಲಿ ಕೆನಡಾ ಜಗತ್ತಿನಲ್ಲೇ ಮುಂದಿನ ಸಾಲಿನಲ್ಲಿರುವ ದೇಶ. ಸಸ್ಕಾಚೆವಾನ್ ಬಯಲಿನಲ್ಲಿ ಎಕರೆಗಟ್ಟಲೆ ಬೆಳೆಯುತ್ತಾರೆ. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ. ತಂಗಿ ಬಾಣಲೆಯಲ್ಲಿ ಅಗಸಿ ಚಟಪಟ ಅನ್ನುವವರೆಗೆ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು, ಚೂರು ಬೆಲ್ಲ ಹಾಕಿ ಪುಡಿ ಮಾಡಿದಳು. ಶಾಲೆಗೆ ಕೇಳಿದಳು, ಇದನ್ನು ಕಳಿಸಬಹುದಾ ಅಂತ. ಆ ತರಗತಿಯಲ್ಲಿ ಅಗಸಿ ಆಗದವರು ಯಾರೂ ಇರಲಿಲ್ಲ. ಮಗನ ಡಬ್ಬಿ ಅವತ್ತಿನಿಂದ ಖಾಲಿಯಾಗಿ ಬರತೊಡಗಿತು.

ದಿನಕ್ಕೆ ಒಂದು ಗಂಟೆಯ ಕೆಲಸ ಒಬ್ಬ ಮನುಷ್ಯಳನ್ನು ಇಷ್ಟು ಬದಲಾಯಿಸುತ್ತದೆಯಾ ಅಂತ ನೀವು ಕೇಳಬಹುದು. ಆ ಒಂದು ಗಂಟೆಗಾಗಿ ಅವಳು ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು, ಹೊರಗೆ ಎಷ್ಟು ಚಳಿ ಅಂತ ನೋಡುತ್ತಿದ್ದಳು, ನಡೆದು ಹೋಗುತ್ತಿದ್ದಳು. ಮಕ್ಕಳು ಅವಳ ಉಚ್ಚಾರಣೆಗೆ 'ಸಾರಿ?' ಅನ್ನುತ್ತಿರಲಿಲ್ಲ. ಮಕ್ಕಳ ಜೊತೆ ಮಾತಾಡಿ ಮಾತಾಡಿಯೇ ಇಲ್ಲಿಯ ವೇಗ ಅವಳ ಕಿವಿಗೆ ಹಿಡಿಯಿತು. ಮೇ ತಿಂಗಳಲ್ಲಿ ಒಂದು ದಿನ ಬ್ಯಾಂಕಿನವರ ಫೋನು ಬಂದಾಗ ಮಗಳು ಕೈ ಚಾಚಿದಳಂತೆ. ತಂಗಿ ಕೊಡಲಿಲ್ಲ.

ಮುಂದಿನ ವರ್ಷಗಳು

ಉಳಿದದ್ದನ್ನು ಬೇಗ ಹೇಳುತ್ತೇನೆ. ಗೋದಾಮಿನಲ್ಲಿ ಜೊತೆಗಿದ್ದ ಒಬ್ಬರ ಮೂಲಕ ಗಂಡನಿಗೆ 2019ರ ಜೂನಿನಲ್ಲಿ ಬ್ರಾಂಪ್ಟನ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಳತೆ ನೋಡುವ ಹಗಲು ಪಾಳಿ, ಪೀಣ್ಯದಲ್ಲಿ ಮಾಡುತ್ತಿದ್ದ ಕೆಲಸವೇ. ಹಳೆಯ ಕಾರು ಕೊಂಡರು. ತಂಗಿ ಕಾರು ಕಲಿಯುವವರ ಲೈಸೆನ್ಸಾದ ಜಿ1ರ ಪರೀಕ್ಷೆ ಬರೆದಳು. ಅದರಲ್ಲಿ ನಿಯಮಗಳ ಮೇಲೆ 20, ಚಿಹ್ನೆಗಳ ಮೇಲೆ 20 ಪ್ರಶ್ನೆ. ಎರಡರಲ್ಲೂ 16 ಸರಿ ಇರಬೇಕು. ಜಿ1 ಇದ್ದವರು ಒಬ್ಬರೇ ಓಡಿಸುವ ಹಾಗಿಲ್ಲ, ಪಕ್ಕದಲ್ಲಿ ಅನುಭವ ಇರುವ ಚಾಲಕರು ಕೂರಬೇಕು. ರಸ್ತೆ ಪರೀಕ್ಷೆಗೆ ಹನ್ನೆರಡು ತಿಂಗಳು ಕಾಯಬೇಕು. ಮಾನ್ಯತೆ ಇರುವ ಡ್ರೈವಿಂಗ್ ಸ್ಕೂಲಿಗೆ ಸೇರಿದರೆ ಎಂಟು ತಿಂಗಳು ಸಾಕು. ಭಾರತದಲ್ಲಿ ಕಾರು ಓಡಿಸಿ ಅಭ್ಯಾಸ ಇರುವವರು ಆರ್‌ಟಿಒದಿಂದ ಅನುಭವದ ಪತ್ರ ತಂದರೆ ಈ ಕಾಯುವಿಕೆ ತಪ್ಪುತ್ತದೆ. ಗಂಡ ತಂದಿದ್ದರು. ತಂಗಿಗೆ ಸ್ಕೂಟಿ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಹೊರಡುವ ಮುಂಚೆ ಆರು ತಿಂಗಳು ಅಲ್ಲೇ ಕಾರು ಕಲಿತು ಬರಲಿ ಅಂತ ಈಗ ನಾನು ಎಲ್ಲ ಹೆಣ್ಣುಮಕ್ಕಳಿಗೂ ಹೇಳುತ್ತೇನೆ.

ಟೀಚರ್ ಆಗುವ ದಾರಿ ಉದ್ದವಿತ್ತು. ಒಂಟಾರಿಯೊದಲ್ಲಿ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಲು ಒಂಟಾರಿಯೊ ಕಾಲೇಜ್ ಆಫ್ ಟೀಚರ್ಸ್ ಕೊಡುವ ಸರ್ಟಿಫಿಕೇಟ್ ಬೇಕು. ಹೆಸರು ಕಾಲೇಜ್ ಅಂತಿದ್ದರೂ ಅದು ಪಾಠ ಹೇಳುವ ಕಾಲೇಜಲ್ಲ, ಪರವಾನಗಿ ಕೊಡುವ ಸಂಸ್ಥೆ. ವಲಸೆಗೆ ಅಂತ ದುಡ್ಡು ಕೊಟ್ಟು ಮಾಡಿಸಿದ್ದ ಡಿಗ್ರಿ ಮೌಲ್ಯಮಾಪನ ಅಲ್ಲಿ ನಡೆಯಲಿಲ್ಲ. ಅವರು ತಾವೇ ನೋಡುತ್ತೇವೆ ಅಂದರು. ವಲಸೆಗೆ ಬರೆದ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಜನರಲ್, ಇವರು ಕೇಳಿದ್ದು ಅಕಾಡೆಮಿಕ್. ಮತ್ತೆ ಬರೆದಳು. ಅಂಕಪಟ್ಟಿ ಓದಿದ ಸಂಸ್ಥೆಯಿಂದಲೇ ನೇರವಾಗಿ ಬರಬೇಕು, ನಮ್ಮ ಕೈಯಿಂದ ಕೊಟ್ಟರೆ ಆಗುವುದಿಲ್ಲ. ಊರಿನಲ್ಲಿ ಅವಳ ತಮ್ಮ ಆ ಒಂದು ಲಕೋಟೆಗಾಗಿ ನಾಲ್ಕು ಸಲ ಅಲೆದ. ಒಂದು ಸಲ ಸಹಿ ಮಾಡುವವರಿಲ್ಲ, ಇನ್ನೊಂದು ಸಲ ಸೀಲು ಸರಿಯಿಲ್ಲ. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಎಲ್ಲ ಬಾಗಿಲೂ ಮುಚ್ಚಿದವು.

ಇನ್ನೊಂದು ತೊಡಕು ಅವಳ ಬಿ.ಇಡಿ.ಯದು. ಅವಳು ಓದುವಾಗ ನಮ್ಮಲ್ಲಿ ಅದು ಒಂದು ವರ್ಷದ್ದು. ಭಾರತದಲ್ಲಿ ಎರಡು ವರ್ಷ ಆಗಿದ್ದು 2015ರಿಂದ. ಕಾಕತಾಳೀಯ ನೋಡಿ, ಒಂಟಾರಿಯೊದಲ್ಲೂ ಅದೇ ವರ್ಷದ ಸೆಪ್ಟೆಂಬರಿನಿಂದ ಶಿಕ್ಷಕರ ತರಬೇತಿಯನ್ನು ಎರಡು ಪಟ್ಟು ಮಾಡಿದ್ದರು. ಹಾಗಾಗಿ ಇನ್ನಷ್ಟು ಕೋರ್ಸು ಮುಗಿಸಬೇಕೆಂಬ ಷರತ್ತಿನ ಮೇಲೆ ಅವಳಿಗೆ ಸರ್ಟಿಫಿಕೇಟ್ ಬಂತು, 2021ರ ವಸಂತದಲ್ಲಿ. ಸೆಪ್ಟೆಂಬರಿನಿಂದ ಸಪ್ಲೈ ಟೀಚರ್. ಯಾರಾದರೂ ಟೀಚರ್ ರಜೆ ಹಾಕಿದರೆ ಬೆಳಿಗ್ಗೆ ಆರಕ್ಕೆ ಕರೆ ಬರುತ್ತದೆ, ಹೋಗಬೇಕು. ಕಾಯಂ ಕೆಲಸ ಇನ್ನೂ ಅಲ್ಲ. 'ಮೂರು ವರ್ಷ ಆದ್ಮ್ಯಾಲೆ ಬೋರ್ಡ್ ಮುಂದ ನಿಂತೆ ಅಕ್ಕಾರ, ಕೈ ನಡುಗಿತು' ಅಂತ ಮೊದಲ ದಿನ ಫೋನ್ ಮಾಡಿ ಹೇಳಿದಳು. ಅಷ್ಟು ಹೊತ್ತಿಗೆ ಅವರು ನಮ್ಮ ಬೇಸ್‌ಮೆಂಟ್ ಬಿಟ್ಟು ಬ್ರಾಂಪ್ಟನ್‌ನಲ್ಲಿ ನೆಲದ ಮೇಲಿನ ಒಂದು ಬಾಡಿಗೆ ಮನೆಗೆ ಹೋಗಿದ್ದರು.

ಮಗನ ಕನ್ನಡದ ಬಗ್ಗೆ ಅವಳಿಗೆ ಚಿಂತೆ ಇತ್ತು. ಬಂದ ಎರಡನೇ ವರ್ಷಕ್ಕೆ ಅವನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವನಾದ. ಅವಳು ಬೈಯಲಿಲ್ಲ. ಭಾನುವಾರ ರಾತ್ರಿ, ಅಂದರೆ ಗದಗಿನ ಸೋಮವಾರ ಬೆಳಿಗ್ಗೆ, ಅಜ್ಜಿಗೆ ಫೋನ್ ಮಾಡುವುದು ಅವನ ಕೆಲಸ ಅಂತ ಮಾಡಿದಳು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ. ಅಕ್ಷರವನ್ನು ಮನೆಯಲ್ಲೇ ಕಲಿಸಿದಳು, ಫ್ರಿಜ್ಜಿನ ಮೇಲೆ, ಮಸಾಲೆ ಡಬ್ಬಿಗಳ ಮೇಲೆ ಚೀಟಿ ಅಂಟಿಸಿ.

2022ರ ಜುಲೈ 4ರಿಂದ ಸೂಪರ್ ವೀಸಾದಲ್ಲಿ ಬರುವ ತಂದೆತಾಯಿ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು ಅಂತಾಯಿತು. ಮುಂಚೆ ಎರಡು ವರ್ಷ ಇತ್ತು. ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು, ಕರೆಸುವವರ ಆದಾಯ ಇಷ್ಟು ಅಂತ ಇರಬೇಕು. ಅಷ್ಟು ಹೊತ್ತಿಗೆ ಇಬ್ಬರದ್ದೂ ಸೇರಿ ಆದಾಯ ಸಾಕಷ್ಟಿತ್ತು. ತಂಗಿ ತನ್ನ ಅವ್ವನನ್ನು ಕರೆಸಿಕೊಂಡಳು. ಅವರು ಬಂದ ಮಾರನೆಯ ದಿನ ನಾನು ನೋಡಲು ಹೋದೆ. ಅಜ್ಜಿಯ ಸೂಟ್‌ಕೇಸ್ ಪಡಸಾಲೆಯ ನಡುವೆ ತೆರೆದಿತ್ತು. ಖಡಕ್ ರೊಟ್ಟಿ, ಕರದಂಟು, ಬಟ್ಟೆಯಲ್ಲಿ ಸುತ್ತಿದ ಶೇಂಗಾ ಹಿಂಡಿ. ತಂಗಿ ಹಿಂಡಿಯನ್ನು ಒಂದು ಸ್ಟೀಲ್ ಡಬ್ಬಿಗೆ ಸುರಿದು, ಚೀಟಿ ಬರೆದು ಅಂಟಿಸಿ, ಅಗಸಿ ಹಿಂಡಿಯ ಡಬ್ಬಿಯ ಪಕ್ಕ ಇಟ್ಟಳು. ಅಜ್ಜಿ ಎರಡೂ ಡಬ್ಬಿ ನೋಡಿ, ಇದೇನು ಬರೆದಿರಿ ಅಂತ ಮೊಮ್ಮಗನನ್ನು ಕೇಳಿದರು. ಕನ್ನಡಕ ಇನ್ನೂ ಚೀಲದಲ್ಲೇ ಇತ್ತು.

ಹತ್ತು ವರ್ಷದ ಹುಡುಗ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ. 'ಇದು... ಸಾ-ಲಿ-ಗೆ. ಇದು... ಮ-ನಿ-ಗೆ ಅಷ್ಟ.'